ಹೆಚ್ಚುವರಿ ಕೆಲಸಕ್ಕೆ ಒಗ್ಗಿಸಿದ ಕಟಿಂಗ್ ಮಷೀನಿನಲ್ಲಿ ಕತ್ತರಿಕೆ ವಾಲಿದರೆ: ದೋಷ ಪತ್ತೆ ಮತ್ತು ನಿವಾರಣೆ

ಸಣ್ಣ ಮುದ್ರಣಾಲಯದಲ್ಲಿ ಕಟಿಂಗ್ ಮಷೀನು ಕಾಗದವನ್ನಷ್ಟೇ ಕತ್ತರಿಸಿಕೊಂಡಿರುವುದು ಅಪರೂಪ. ಮದುವೆಯ ದಿನಗಳು ಬಂದವೆಂದರೆ ಆಹ್ವಾನ ಪತ್ರಿಕೆಗೆ ಮಡಿಕೆಯ ಗೆರೆ ಒತ್ತುವುದಕ್ಕೂ ಅದೇ ಬೇಕು, ಶಾಲೆ ತೆರೆಯುವ ಮುಂಚೆ ಬೈಂಡಿಂಗಿನ ದಪ್ಪ ರಟ್ಟು, ಅಂದರೆ ಮಿಲ್ ಬೋರ್ಡು, ಕತ್ತರಿಸುವುದಕ್ಕೂ ಅದೇ ಬೇಕು, ಉಳಿದ ದಿನಗಳಲ್ಲಿ ಗಮ್ಮಿಂಗ್ ಶೀಟು (ಹಿಂಬದಿಗೆ ಅಂಟಿರುವ ಕಾಗದ), ರೆಕ್ಸಿನ್, ಫೋಮುಗಳೂ ಅದರ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಹೀಗೆ ಹೊರಿಸಿದ ಕೆಲಸದಿಂದ ಹುಟ್ಟುವ ದೋಷವು ಆ ಕೆಲಸದಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಬೋರ್ಡು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ರೆಕ್ಸಿನ್ ಹೊದಿಕೆ ಅದನ್ನು ಮುಚ್ಚಿಬಿಡುತ್ತದೆ. ಅದೇ ಅರ್ಧ ಮಿಲಿಮೀಟರ್ ಮರುದಿನ ವಿಸಿಟಿಂಗ್ ಕಾರ್ಡಿನ ಅಂಚಿನಲ್ಲಿ ಎದ್ದು ಕಾಣುತ್ತದೆ. ಆಗ ಎಲ್ಲರ ಬಾಯಿಂದ ಬರುವ ಮಾತು ಒಂದೇ: ಬ್ಲೇಡು ಮೊಂಡಾಗಿದೆ, ಸಾಣೆಗೆ ಕಳಿಸಿ. ನನ್ನ ಅನುಭವದಲ್ಲಿ ಈ ಮಾತು ನಿಜವಾಗುವುದಕ್ಕಿಂತ ಸುಳ್ಳಾಗುವುದೇ ಹೆಚ್ಚು, ಮತ್ತು ಬೇಡದ ಸಾಣೆಯಿಂದ ಬ್ಲೇಡಿನ ಆಯುಷ್ಯ ಸುಮ್ಮನೆ ಸವೆದುಹೋಗುತ್ತದೆ. ಬ್ಲೇಡನ್ನು ಬಿಚ್ಚುವ ಮುನ್ನ ಏನೇನು ನೋಡಬೇಕು, ಯಾವ ಗುರುತು ಯಾವ ಕೆಲಸದಿಂದ ಬಂದದ್ದು ಎಂಬುದನ್ನು ಇಲ್ಲಿ ಬರೆದಿದ್ದೇನೆ. 32, 36 ಅಥವಾ 42 ಇಂಚಿನ, ಕಾಗದವನ್ನು ಒತ್ತಿ ಹಿಡಿಯುವ ಕ್ಲ್ಯಾಂಪು ಮತ್ತು ಕತ್ತರಿಸುವ ಬ್ಲೇಡು ಮೇಲಿನಿಂದ ಇಳಿಯುವ ಸಾಮಾನ್ಯ ಗಿಲೊಟಿನ್ ಮಾದರಿಯ ಯಂತ್ರಗಳಿಗೆ ಇದು ಅನ್ವಯಿಸುತ್ತದೆ.

ಪರೀಕ್ಷೆಗೆ ಮುಂಚೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಹೊಸ ಕೆಲಸಕ್ಕೆ ಯಂತ್ರವನ್ನು ಒಗ್ಗಿಸುವಾಗ ಎರಡು ಕೈಗಳ ಗುಂಡಿಯಲ್ಲಿ ಒಂದನ್ನು ಕಡ್ಡಿ ಸಿಕ್ಕಿಸಿ ಒತ್ತಿಟ್ಟಿದ್ದರೆ, ಅಥವಾ ಮೇಜಿನ ಮುಂದಿನ ಬೆಳಕಿನ ಪರದೆಗೆ (ಕೈ ಅಡ್ಡ ಬಂದರೆ ಬ್ಲೇಡನ್ನು ನಿಲ್ಲಿಸುವ ಬೆಳಕಿನ ಕಿರಣಗಳು) ಮರದ ಚೌಕಟ್ಟು ಅಡ್ಡ ಬರುತ್ತದೆಂದು ಅದನ್ನು ನಿಷ್ಕ್ರಿಯಗೊಳಿಸಿದ್ದರೆ, ದೋಷ ಹುಡುಕುವ ಮುನ್ನ ಅದನ್ನು ಮೊದಲಿನಂತೆ ಮಾಡಿ. ಆ ಗುಂಡಿಗಳು ಇರುವುದೇ ಬ್ಲೇಡು ಇಳಿಯುವಾಗ ಎರಡು ಕೈಗಳೂ ಹೊರಗಿರಲಿ ಎಂದು. ಆ ವ್ಯವಸ್ಥೆಯನ್ನು ತಪ್ಪಿಸದೆ ಮಾಡಲಾಗದ ಕೆಲಸವನ್ನು ಈ ಯಂತ್ರದಲ್ಲಿ ಮಾಡಲೇಬಾರದು. ಕೆಳಗೆ ಬ್ಲೇಡಿನ ಅಥವಾ ಕ್ಲ್ಯಾಂಪಿನ ಅಡಿಗೆ ಕೈ ಹಾಕಬೇಕೆಂದು ಹೇಳಿರುವ ಕಡೆಗಳಲ್ಲೆಲ್ಲ ಮೇನ್ ಸ್ವಿಚ್ ಆರಿಸಿ, ಫ್ಲೈವೀಲ್ ಪೂರ್ತಿ ನಿಂತ ಮೇಲೆಯೇ ಮುಂದುವರಿಯಬೇಕು.

ಮೊದಲು ಕತ್ತರಿಸಿದ ಅಂಚನ್ನು ನೋಡುವುದು

ದೋಷದ ಅರ್ಧ ವಿವರ ಕತ್ತರಿಸಿದ ಕಾಗದದ ಅಂಚಿನಲ್ಲೇ ಇರುತ್ತದೆ. 70 ಜಿಎಸ್‌ಎಂ (ಒಂದು ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಮುದ್ರಣ ಕಾಗದದ ಒಂದು ರೀಮನ್ನು, ಅಂದರೆ 500 ಹಾಳೆಗಳನ್ನು, ಚೆನ್ನಾಗಿ ತಟ್ಟಿ ಸಮಮಾಡಿ ಮೇಜಿನ ಮೇಲಿಡಿ. ಅದರ ಎತ್ತರ ಸುಮಾರು ನಾಲ್ಕೂವರೆಯಿಂದ 5 ಸೆಂಟಿಮೀಟರ್ ಬರುತ್ತದೆ. ಪರೀಕ್ಷೆಗೆ ಇದು ಹದವಾದ ಎತ್ತರ. ಕತ್ತರಿಸುವ ಮುಂಚೆ ದಿಂಡಿನ ಎಡಬದಿಯ ಮತ್ತು ಬಲಬದಿಯ ಮುಖಗಳ ಮೇಲೆ, ಕ್ಲ್ಯಾಂಪಿನ ಹಿಂದಿನ ಭಾಗದಲ್ಲಿ, ಮೇಲಿನ ಹಾಳೆಯಿಂದ ಬುಡದ ಹಾಳೆಯವರೆಗೆ ಪೆನ್ಸಿಲಿನಿಂದ ನೆಟ್ಟಗೆ ಒಂದೊಂದು ಗೆರೆ ಎಳೆಯಿರಿ. ಕತ್ತರಿಸಿದ ಮೇಲೆ, ಕ್ಲ್ಯಾಂಪು ಏಳುವ ಮುಂಚೆಯೇ ಸಾಧ್ಯವಿದ್ದರೆ ಹಿಂಬದಿಯಿಂದ ಟಾರ್ಚು ಹಿಡಿದು, ಹಾಳೆಗಳು ಬ್ಯಾಕ್ ಗೇಜಿಗೆ, ಅಂದರೆ ಅಳತೆಗೆ ತಕ್ಕಂತೆ ಕಾಗದವನ್ನು ಹಿಂದಿನಿಂದ ತಡೆದು ನಿಲ್ಲಿಸುವ ಪಟ್ಟಿಗೆ, ಇನ್ನೂ ತಾಗಿಕೊಂಡಿವೆಯೇ ನೋಡಿ. ಬಳಿಕ ದಿಂಡನ್ನು ಹೊರತೆಗೆದು ಆ ಎರಡು ಗೆರೆಗಳನ್ನು ಗಮನಿಸಿ.

ಪೆನ್ಸಿಲಿನ ಗೆರೆ ಮೇಲ್ಭಾಗದಲ್ಲಿ ಮುಂದಕ್ಕೆ ಬಾಗಿದ್ದರೆ ಹಾಳೆಗಳು ಕ್ಲ್ಯಾಂಪಿನ ಹಿಡಿತದಿಂದ ಜಾರಿವೆ ಎಂದು ಅರ್ಥ. ಬ್ಲೇಡಿನ ಚಪ್ಪಟೆ ಮುಖ ಕ್ಲ್ಯಾಂಪಿನ ಕಡೆಗೂ ಇಳಿಜಾರಾಗಿ ಸಾಣೆ ಹಿಡಿದ ಮುಖ ನಾವು ನಿಂತ ಕಡೆಗೂ ಇರುತ್ತದೆ. ಆ ಇಳಿಜಾರು ಬೆಣೆಯಂತೆ ಒಳಹೊಕ್ಕು ಕಾಗದವನ್ನು ನಮ್ಮ ಕಡೆಗೆ ಎಳೆಯುತ್ತದೆ. ಎಳೆತಕ್ಕೆ ಸಿಕ್ಕ ಹಾಳೆ ಗೇಜಿನಿಂದ ದೂರವಾಗಿ ಕತ್ತರಿಸಲ್ಪಡುವುದರಿಂದ ಅಳತೆಗಿಂತ ಗಿಡ್ಡವಾಗುತ್ತದೆ. ಗೆರೆ ನೆಟ್ಟಗೇ ಇದ್ದು ಅಂಚು ಮಾತ್ರ ಮೇಲಿನಿಂದ ಕೆಳಕ್ಕೆ ವಾಲಿದ್ದರೆ ಹಾಳೆಗಳು ಕದಲಿಲ್ಲ, ಬ್ಲೇಡೇ ಬಾಗಿದೆ ಅಥವಾ ಅದರ ದಾರಿ ತಪ್ಪಿದೆ. ಗೆರೆಯೂ ನೆಟ್ಟಗಿದ್ದು ಅಂಚೂ ನೆಟ್ಟಗಿದ್ದು, ಹಾಳೆಯ ಎಡ ತುದಿಯ ಅಳತೆಯೂ ಬಲ ತುದಿಯ ಅಳತೆಯೂ ಬೇರೆ ಬೇರೆ ಬಂದರೆ ಆಗ ಬ್ಯಾಕ್ ಗೇಜು ಸೊಟ್ಟಗಿದೆ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳದೆ ಯಾವ ನಟ್ಟಿಗೂ ಕೈ ಹಾಕಬಾರದು.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಪರೀಕ್ಷೆ ಮಾಡುವವರು ಕಟ್ಟು ಬಿಚ್ಚಿ ಬಹಳ ಹೊತ್ತಾಗದ ಕಾಗದವನ್ನೇ ಬಳಸಬೇಕು. ತೇವ ಹೀರಿದ ಹಾಳೆಯ ಅಂಚು ಅಲೆಯಲೆಯಾಗಿ ಗೇಜಿಗೆ ಸಮನಾಗಿ ತಾಗುವುದಿಲ್ಲ. ಆಗ ಯಂತ್ರದಲ್ಲಿಲ್ಲದ ದೋಷ ಕಾಗದದಲ್ಲಿ ಕಾಣಿಸುತ್ತದೆ.

ಕ್ಲ್ಯಾಂಪಿನ ಹಿಡಿತ: ನಮ್ಮಲ್ಲಿ ನಡೆದದ್ದು

ಕ್ಲ್ಯಾಂಪನ್ನು ಒತ್ತುಯಂತ್ರದಂತೆ ಬಳಸುವುದು ಬೈಂಡರುಗಳಲ್ಲಿ ಹಳೆಯ ರೂಢಿ. ನಮ್ಮಲ್ಲಿ 36 ಇಂಚಿನ ಅರೆ ಸ್ವಯಂಚಾಲಿತ ಯಂತ್ರವಿದೆ. 300 ಜಿಎಸ್‌ಎಂ ಆರ್ಟ್ ಕಾರ್ಡಿನ ಆಹ್ವಾನ ಪತ್ರಿಕೆಗಳನ್ನು ಹಾಗೆಯೇ ಮಡಿಸಿದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತಿದ್ದುದರಿಂದ, ಒಂದು ಮರದ ಹಲಗೆಯಲ್ಲಿ ಉಕ್ಕಿನ ಕ್ರೀಸಿಂಗ್ ಪಟ್ಟಿ ಕೂರಿಸಿ, ಅದನ್ನು ಮೇಜಿನ ಮೇಲಿಟ್ಟು, ಕಾಲಿನ ಪೆಡಲಿನಿಂದ ಕ್ಲ್ಯಾಂಪನ್ನು ಮಾತ್ರ ಇಳಿಸಿ ಗೆರೆ ಒತ್ತುವ ಏರ್ಪಾಡು ಮಾಡಿಕೊಂಡೆವು. ಕಾರ್ಡು ಚಿಕ್ಕದು, ನಿಲ್ಲುವವನಿಗೆ ಎಡಗಡೆ ಅನುಕೂಲ. ಹಲಗೆ ಸದಾ ಮೇಜಿನ ಎಡ ಮೂಲೆಯಲ್ಲೇ ಇರುತ್ತಿತ್ತು. ಎರಡು ಮದುವೆ ಸೀಸನ್ ಹೀಗೆ ಕಳೆದ ಮೇಲೆ ಬಿಲ್ ಪುಸ್ತಕದ ದಿಂಡುಗಳಲ್ಲಿ ಎಡ ತುದಿಯ ಮೇಲಿನ ಹಾಳೆಗಳು ಬುಡದ ಹಾಳೆಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಗಿಡ್ಡ ಬರತೊಡಗಿದವು. ಬಲ ತುದಿ ಸರಿಯಾಗಿಯೇ ಇತ್ತು. ಬ್ಲೇಡನ್ನು ಎರಡು ಬಾರಿ ಸಾಣೆ ಹಿಡಿಸಿದೆವು. ಹೊಸ ಅಲಗಿನಿಂದ ನಾಲ್ಕು ದಿನ ಚೆನ್ನಾಗಿ ನಡೆದು, ಮತ್ತೆ ಅದೇ ಪಾಡು.

ಕೊನೆಗೆ ದೋಷ ಸಿಕ್ಕಿದ್ದು ಮೂರು ಕಾಗದದ ಪಟ್ಟಿಗಳಿಂದ. ಎರಡು ಬೆರಳಗಲದ, ಒಂದೇ ರೀಮಿನಿಂದ ಕತ್ತರಿಸಿದ ಮೂರು ಉದ್ದನೆಯ ಪಟ್ಟಿಗಳನ್ನು ಕ್ಲ್ಯಾಂಪಿನ ಎಡ, ನಡು ಮತ್ತು ಬಲ ಭಾಗಗಳ ಕೆಳಗೆ, ಬರಿಯ ಮೇಜಿನ ಮೇಲೆ, ತುದಿ ಹೊರಚಾಚುವಂತೆ ಇಟ್ಟೆವು. ಮೋಟಾರು ಆರಿಸಿ, ಪೆಡಲನ್ನು ಒಬ್ಬರು ಮೆಲ್ಲಗೆ ತುಳಿದು ಹಿಡಿದರು. ಇನ್ನೊಬ್ಬರು ಮೇಜಿನ ಅಂಚಿಗಿಂತ ಹೊರಗೆ ಚಾಚಿದ್ದ ತುದಿಗಳನ್ನು ಒಂದೊಂದಾಗಿ ಎಳೆದರು. ಬಲದ ಪಟ್ಟಿ ಹರಿದುಹೋಯಿತೇ ಹೊರತು ಕದಲಲಿಲ್ಲ. ನಡುವಿನದು ಬಿಗಿಯಾಗಿತ್ತು. ಎಡದ ಪಟ್ಟಿ ಮಾತ್ರ ಬೆಣ್ಣೆಯಲ್ಲಿ ಕೂದಲೆಳೆದಂತೆ ಸಲೀಸಾಗಿ ಕೈಗೆ ಬಂತು. ನಮ್ಮ ಯಂತ್ರದಲ್ಲಿ ಕ್ಲ್ಯಾಂಪನ್ನು ಎರಡೂ ಬದಿಯ ಎಳೆಸರಳುಗಳು ಕೆಳಕ್ಕೆ ಎಳೆಯುತ್ತವೆ. ಒಂದೇ ಬದಿಗೆ ಬಿದ್ದ ಒತ್ತಡದಿಂದ ಎಡ ಸರಳಿನ ಪಿನ್ನು ಸವೆದು, ಕ್ಲ್ಯಾಂಪಿನ ಆ ತುದಿ ಕೂದಲೆಳೆಯಷ್ಟು ಮೇಲೆಯೇ ನಿಲ್ಲುತ್ತಿತ್ತು. ಅಲಗು ಹೊಸದಾಗಿದ್ದಾಗ ಅದರ ಎಳೆತ ಕಡಿಮೆಯಿರುವುದರಿಂದ ಸಡಿಲ ಹಿಡಿತವೂ ಸಾಕಾಗುತ್ತಿತ್ತು. ಸ್ವಲ್ಪ ಮೊಂಡಾದೊಡನೆ ಕಾಗದ ಜಾರುತ್ತಿತ್ತು. ಸಾಣೆಯಿಂದ ದೋಷ ಹೋದಂತೆ ಕಂಡು ಮರಳಿ ಬರುತ್ತಿದ್ದುದು ಈ ಕಾರಣಕ್ಕೆ. ನಾಲ್ಕೇ ದಿನಕ್ಕೆ ಮರಳಿ ಬರುವ ವಾಲಿಕೆ ಬ್ಲೇಡಿನದಲ್ಲ ಎಂಬುದನ್ನು ನಾನು ಅಂದಿನಿಂದ ಮರೆತಿಲ್ಲ.

ಪಿನ್ನು ಬದಲಿಸಿ, ಎಳೆಸರಳಿನ ನಟ್ಟನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತ, ಪ್ರತಿ ಸಲವೂ ಪಟ್ಟಿ ಎಳೆದು ನೋಡುತ್ತ ಮೂರೂ ಕಡೆ ಸಮ ಬಿಗಿ ಬರುವವರೆಗೆ ಹೊಂದಿಸಿದೆವು. ಕ್ರೀಸಿಂಗ್ ಹಲಗೆಯನ್ನು ಬಿಡಲಿಲ್ಲ. ಆದರೆ ಈಗ ಅದನ್ನು ಮೇಜಿನ ನಡುವೆ ಇಡುತ್ತೇವೆ. ಅನಿವಾರ್ಯವಾಗಿ ಒಂದು ಬದಿಗೆ ಇಡಬೇಕಾದರೆ ಅಷ್ಟೇ ಎತ್ತರದ ಇನ್ನೊಂದು ಹಲಗೆಯನ್ನು ಎದುರು ಬದಿಗೂ ಇಟ್ಟು ತೂಕ ಸರಿದೂಗಿಸುತ್ತೇವೆ. ಉಕ್ಕಿನ ಪಟ್ಟಿ ನೇರವಾಗಿ ಕ್ಲ್ಯಾಂಪಿಗೆ ತಾಗದಂತೆ ಮೇಲೊಂದು ಮಿಲ್ ಬೋರ್ಡು ಇರಲೇಬೇಕು, ಇಲ್ಲವಾದರೆ ಕ್ಲ್ಯಾಂಪಿನ ತಳದಲ್ಲಿ ತಗ್ಗು ಬೀಳುತ್ತದೆ. ಪ್ರತಿ ದಿಂಡಿನ ಮೇಲಿನ ಹಾಳೆಯಲ್ಲಿ ಒಂದೇ ಜಾಗದಲ್ಲಿ ಗೆರೆಯಂಥ ಗುರುತು ಕಂಡರೆ ಕ್ಲ್ಯಾಂಪಿನ ತಳವನ್ನು ಬೆರಳಿನಿಂದ ಸವರಿ ನೋಡಿ, ತಗ್ಗೋ ಅಂಟಿದ ಗೋಂದಿನ ಉಂಡೆಯೋ ಅಲ್ಲಿ ಸಿಗುತ್ತದೆ.

ಹೈಡ್ರಾಲಿಕ್ ಕ್ಲ್ಯಾಂಪಿರುವ ಯಂತ್ರದಲ್ಲಿ ಒತ್ತಡವನ್ನು ತಿರುಗುಣಿಯಿಂದ ಬದಲಿಸಲು ಬರುತ್ತದೆ, ಮತ್ತು ಅಲ್ಲಿ ನಡೆಯುವ ತಪ್ಪು ಇನ್ನೂ ಸರಳವಾದದ್ದು: ಹಿಂದಿನ ದಿನ ಗಮ್ಮಿಂಗ್ ಶೀಟಿಗೆಂದು ತಗ್ಗಿಸಿದ ಒತ್ತಡವನ್ನು ಮರುದಿನ ಯಾರೂ ಏರಿಸಿರುವುದಿಲ್ಲ.

ಬ್ಲೇಡಿನ ಪರೀಕ್ಷೆ

ಗೆರೆ ನೆಟ್ಟಗಿದ್ದು ಅಂಚು ವಾಲಿದ್ದರೆ ಮಾತ್ರ ಬ್ಲೇಡಿನ ಕಡೆಗೆ ತಿರುಗಬೇಕು. ಸಾಮಾನ್ಯ ಮುದ್ರಣ ಕಾಗದಕ್ಕೆ ಅಲಗಿನ ಕೋನ 22ರಿಂದ 24 ಡಿಗ್ರಿ ಇರುತ್ತದೆ. ಮೆತ್ತನೆಯ ತೆಳು ಕಾಗದಕ್ಕೆ ಅದಕ್ಕಿಂತ ಚೂಪಾಗಿ 20ರ ಆಸುಪಾಸು, ಬೋರ್ಡಿನಂಥ ಗಟ್ಟಿ ವಸ್ತುಗಳಿಗೆ ದಪ್ಪನಾಗಿ 25, 26 ಡಿಗ್ರಿ ಒಗ್ಗುತ್ತದೆ. ಕಾಗದದ ಕೋನದ ಅಲಗಿಗೆ ಮಿಲ್ ಬೋರ್ಡಿನ ಎತ್ತರದ ದಿಂಡು ಕೊಟ್ಟರೆ ತೆಳ್ಳಗಿನ ತುದಿ ಬಾಗುತ್ತದೆ, ಕೆಲವೊಮ್ಮೆ ಸಣ್ಣಗೆ ಉದುರುತ್ತದೆ. ಬೋರ್ಡು ಹೆಚ್ಚಾಗಿ ಕತ್ತರಿಸುವವರು ಎರಡು ಬ್ಲೇಡುಗಳನ್ನು ಇಟ್ಟುಕೊಂಡು, ಒಂದನ್ನು ದಪ್ಪ ಕೋನಕ್ಕೆ ಸಾಣೆ ಹಿಡಿಸಿ ಬೋರ್ಡಿಗೇ ಮೀಸಲಿಡುವುದು ಸರಿಯಾದ ಕ್ರಮ. ಒಂದೇ ಬ್ಲೇಡಿರುವ ಕಡೆ 24 ಡಿಗ್ರಿಗೆ ಹಿಡಿಸಿ, ಬೋರ್ಡಿನ ದಿಂಡನ್ನು 3 ಸೆಂಟಿಮೀಟರಿಗಿಂತ ಎತ್ತರವಾಗದಂತೆ ನೋಡಿಕೊಳ್ಳುವುದನ್ನು ನಾವು ರೂಢಿಸಿಕೊಂಡಿದ್ದೇವೆ.

ಅಲಗಿನಲ್ಲಿ ಹಲ್ಲು ಬಿದ್ದಿದ್ದರೆ ದಿಂಡಿನ ಅಂಚಿನ ಮೇಲೆ ಒಂದು ಗೆರೆ ಮೂಡುತ್ತದೆ. ಗಿಲೊಟಿನ್ ಬ್ಲೇಡು ನೆಟ್ಟಗೆ ಇಳಿಯದೆ ಪಕ್ಕಕ್ಕೆ ಸರಿಯುತ್ತ ಇಳಿಯುವುದರಿಂದ ಆ ಗೆರೆ ಓರೆಯಾಗಿರುತ್ತದೆ. ಅದು ನೇರವಾಗಿ ಕೆಳಗಿಳಿದಿದ್ದರೆ ಬ್ಲೇಡಿನ ಹಲ್ಲಲ್ಲ, ಕಾಗದದಲ್ಲೇ ಇದ್ದ ಮಡಿಕೆ. ಹಲ್ಲು ಬೀಳಿಸುವ ವಸ್ತುಗಳಲ್ಲಿ ಮೊದಲನೆಯದು ಪಿನ್ನು ಹೊಡೆದ ಪುಸ್ತಕ. ಎರಡನೆಯದು ರದ್ದಿಯಿಂದ ಮಾಡಿದ ಅಗ್ಗದ ಬೋರ್ಡು, ಅದರೊಳಗೆ ಮರಳಿನ ಕಣವೂ ತಂತಿಯ ಚೂರೂ ಅಡಗಿರುತ್ತವೆ. ಬೋರ್ಡಿನ ಮೇಲ್ಮೈಯನ್ನು ಅಂಗೈಯಿಂದ ಸವರಿದಾಗ ಚುಚ್ಚಿದಂತಾದರೆ ಅದನ್ನು ಈ ಯಂತ್ರಕ್ಕೆ ಕೊಡದೆ ಕೈ ಬೋರ್ಡು ಕಟರಿಗೆ ಕೊಡಿ. ಗುರುತಿನ ಚೀಟಿಯ ಗಟ್ಟಿ ಪಿವಿಸಿ ಹಾಳೆಯನ್ನೂ ದಿಂಡಾಗಿ ಕತ್ತರಿಸಲು ಹೋಗಬಾರದು.

ಸಾಣೆಯಿಂದ ಬಂದ ಬ್ಲೇಡಿನ ಅಂಚಿನಲ್ಲಿ ಎಲ್ಲಾದರೂ ನೀಲಿ ಛಾಯೆ ಕಂಡರೆ ನೀರು ಸಾಲದೆ ಉಕ್ಕು ಕಾದಿದೆ ಎಂದು ತಿಳಿಯಬೇಕು. ಆ ಜಾಗದಲ್ಲಿ ಗಟ್ಟಿತನ ಹೋಗಿರುತ್ತದೆ, ಎಷ್ಟು ಹೊಂದಿಸಿದರೂ ಅಷ್ಟೇ ಭಾಗದಲ್ಲಿ ಅಂಚು ಒರಟಾಗಿ ಬರುತ್ತದೆ.

ಬುಡದ ಹಾಳೆಗಳು ಕತ್ತರಿಸದೆ ಉಳಿದರೆ

ಇದಕ್ಕೆ ಬಹುಪಾಲು ಕಾರಣ ಬ್ಲೇಡಿನ ಕೆಳಗೆ ಮೇಜಿನಲ್ಲಿ ಕೂರಿಸಿರುವ ಕಟಿಂಗ್ ಸ್ಟಿಕ್. ಚೌಕಾಕಾರದ ಈ ಪಟ್ಟಿಯ ನಾಲ್ಕೂ ಮುಖಗಳನ್ನು ತಿರುಗಿಸಿ, ಮತ್ತೆ ತುದಿ ಅದಲು ಬದಲು ಮಾಡಿ ಒಟ್ಟು 8 ಬಾರಿ ಬಳಸಬಹುದು. ಬ್ಲೇಡು ಇದರೊಳಗೆ ಅರ್ಧ ಮಿಲಿಮೀಟರಿನಷ್ಟು ಇಳಿದರೆ ಸಾಕು. ರೆಕ್ಸಿನ್ ಮತ್ತು ಬಟ್ಟೆ ಕತ್ತರಿಸುವ ದಿನಗಳಲ್ಲಿ ಕೊನೆಯ ನೂಲು ಹರಿಯುವುದಿಲ್ಲವೆಂದು ಬ್ಲೇಡನ್ನು ಇನ್ನಷ್ಟು ಕೆಳಗಿಳಿಸುವವರಿದ್ದಾರೆ. ಇದರಿಂದ ಸ್ಟಿಕ್ಕಿನಲ್ಲಿ ಆಳವಾದ, ಅಗಲವಾದ ಕಾಲುವೆ ಬೀಳುತ್ತದೆ. ಮರುದಿನ ಬರುವ ತೆಳು ಕಾಗದದ ಬುಡದ ಹಾಳೆಗಳಿಗೆ ಕೆಳಗೆ ಆಸರೆಯಿಲ್ಲದೆ, ಅವು ಕತ್ತರಿಸುವ ಬದಲು ಆ ಕಾಲುವೆಗೆ ತುರುಕಿಕೊಂಡು ಹರಿಯುತ್ತವೆ. ಬ್ಲೇಡನ್ನು ಇಳಿಸಬೇಡಿ. ಬಟ್ಟೆಯ ದಿಂಡಿನ ಕೆಳಗೊಂದು ಮೇಲೊಂದು ರದ್ದಿ ಬೋರ್ಡು ಇಟ್ಟರೆ ಕೊನೆಯ ಪದರವೂ ಸ್ವಚ್ಛವಾಗಿ ಕತ್ತರಿಸುತ್ತದೆ. ಸ್ಟಿಕ್ ಹೊಸದಾಗಿ ತಿರುಗಿಸಿದ ಮೇಲೂ ಒಂದು ತುದಿಯಲ್ಲಿ ಮಾತ್ರ ಬುಡದ ಹಾಳೆ ಉಳಿದರೆ ಬ್ಲೇಡು ಮೇಜಿಗೆ ಸಮಾನಾಂತರವಾಗಿಲ್ಲ. ಆ ಬದಿಯ ಹೊಂದಾಣಿಕೆಯ ಸ್ಕ್ರೂವನ್ನು ಮಾತ್ರ ಅತಿ ಸ್ವಲ್ಪ ತಿರುಗಿಸಬೇಕು.

ಗಮ್ಮಿಂಗ್ ಶೀಟಿನ ತೊಂದರೆಗಳು

ಅಂಟು ಕಾಗದದಲ್ಲಿ ಎರಡು ಸಮಸ್ಯೆಗಳು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ಕ್ಲ್ಯಾಂಪಿನ ಒತ್ತಡ ಹೆಚ್ಚಾದರೆ ಅಂಟು ಅಂಚಿನಿಂದ ಒಸರಿ ಹಾಳೆಗಳು ಇಟ್ಟಿಗೆಯಂತೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಕಡಿಮೆಯಾದರೆ ನುಣುಪಾದ ಹಿಂಬದಿಯ ಹಾಳೆಯ ಮೇಲೆ ಉಳಿದವು ಜಾರುತ್ತವೆ. ಇಲ್ಲಿ ಒತ್ತಡದ ಜೊತೆ ಹೋರಾಡುವುದಕ್ಕಿಂತ ದಿಂಡನ್ನು ಎರಡು, ಎರಡೂವರೆ ಸೆಂಟಿಮೀಟರಿಗೆ ಇಳಿಸುವುದೇ ಮದ್ದು.

ಒಸರಿದ ಅಂಟು ಬ್ಲೇಡಿನ ಇಳಿಜಾರು ಮುಖದಲ್ಲಿ ಮೆತ್ತಿಕೊಂಡಿದೆ ಎಂಬುದು ಮೊದಲು ಕಿವಿಗೆ ತಿಳಿಯುತ್ತದೆ. ಸ್ವಚ್ಛವಾದ ಅಲಗು ಕಾಗದ ಕತ್ತರಿಸುವಾಗ ಒಂದೇ ಉಸಿರಿನ ಸದ್ದು ಬರುತ್ತದೆ, ಅಂಟು ಮೆತ್ತಿದ್ದರೆ ಆ ಸದ್ದಿನ ಕೊನೆಯಲ್ಲಿ ಕಿತ್ತು ಬಿಟ್ಟಂಥ ಒಂದು ಚಟಕು ಕೇಳುತ್ತದೆ. ಹಾಗೆ ಕೇಳಿದೊಡನೆ ನಿಲ್ಲಿಸಿ, ಯಂತ್ರ ಆರಿಸಿ, ಸೀಮೆಎಣ್ಣೆ ಅಥವಾ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯನ್ನು ಮರದ ಕಡ್ಡಿಗೆ ಸುತ್ತಿ, ಬ್ಲೇಡಿನ ಬೆನ್ನಿನಿಂದ ಅಲಗಿನ ಕಡೆಗೆ ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಬೇಕು. ಅಲಗಿನ ಉದ್ದಕ್ಕೆ ಎಂದಿಗೂ ಒರೆಸಬಾರದು.

ಅಂಟು ಹಿಡಿಯದಿರಲೆಂದು ಸಿಲಿಕೋನ್ ಸ್ಪ್ರೇ ಹೊಡೆಯುವ ಪದ್ಧತಿ ಈಗ ಎಲ್ಲ ಕಡೆ ಇದೆ. ಅದು ಕೆಲಸ ಮಾಡುತ್ತದೆ, ಆದರೆ ಅದರ ಹನಿಗಳು ಮೇಜಿನ ಮೇಲೂ ಕ್ಲ್ಯಾಂಪಿನ ತಳಕ್ಕೂ ಬೀಳುತ್ತವೆ, ಅಲ್ಲಿಂದ ಮಾರನೆಯ ದಿನದ ಕಾಗದಕ್ಕೆ ಹತ್ತುತ್ತವೆ. ಸಿಲಿಕೋನ್ ತಾಗಿದ ಜಾಗದಲ್ಲಿ ಇಂಕೂ ಹಿಡಿಯುವುದಿಲ್ಲ, ಲ್ಯಾಮಿನೇಷನ್ನೂ ಕೂರುವುದಿಲ್ಲ. ಮುದ್ರಣದಲ್ಲಿ ಅಂಚಿನ ಬಳಿ ಕಾರಣವಿಲ್ಲದೆ ಮೀನಿನ ಕಣ್ಣಿನಂಥ ಬಿಳಿ ಚುಕ್ಕೆಗಳು ಬರುತ್ತಿದ್ದರೆ ಮುದ್ರಣ ಯಂತ್ರವನ್ನು ಬಿಚ್ಚುವ ಮುನ್ನ ಕಟಿಂಗ್ ಮಷೀನಿನ ಹತ್ತಿರ ಸ್ಪ್ರೇ ಡಬ್ಬಿ ಇದೆಯೇ ನೋಡಿ. ಸ್ಪ್ರೇ ಬೇಕೇ ಬೇಕೆಂದರೆ ಬಟ್ಟೆಗೆ ಹೊಡೆದು ಬ್ಲೇಡಿಗೆ ಸವರಬೇಕು. ನಾನಂತೂ ಮೇಣದ ತುಂಡನ್ನೇ ಮೆಚ್ಚುತ್ತೇನೆ, ಅದು ಹಾರುವುದಿಲ್ಲ.

ಫೋಮು ಮತ್ತು ರೆಕ್ಸಿನ್

ಫೋಮಿನ ಅಂಚು ನಡುವೆ ಒಳಕ್ಕೆ ಬಾಗಿ ಬರುವುದು ಯಂತ್ರದ ದೋಷವಲ್ಲ. ಕ್ಲ್ಯಾಂಪು ಒತ್ತಿದಾಗ ಅದು ಕುಗ್ಗಿ ಹೊರಕ್ಕೆ ಉಬ್ಬಿರುತ್ತದೆ, ಆ ಸ್ಥಿತಿಯಲ್ಲಿ ನೆಟ್ಟಗೆ ಕತ್ತರಿಸಿದ್ದು ಒತ್ತಡ ತೆಗೆದ ಮೇಲೆ ಒಳಬಾಗುತ್ತದೆ. ಮೇಲೆ ಅಗಲವಾದ ಬೋರ್ಡು ಇಟ್ಟು, ಒಂದೆರಡು ಪದರ ಮಾತ್ರ ಕತ್ತರಿಸಬೇಕು. ರೆಕ್ಸಿನ್ನಿಗೂ ಇದೇ ಮಾತು, ಜೊತೆಗೆ ಪದರಗಳ ನಡುವೆ ರದ್ದಿ ಹಾಳೆ ಇದ್ದರೆ ಜಾರುವುದಿಲ್ಲ.

ಬ್ಯಾಕ್ ಗೇಜು ಮತ್ತು ಮರದ ಜಿಗ್ಗುಗಳು

ಎಡ ಬಲದ ಅಳತೆ ಬೇರೆಯಾಗಿದ್ದರೆ ಮೊದಲು ಗೇಜಿನ ಪಾದದ ಕೆಳಗೆ ಕಾಗದದ ಚೂರು ಸಿಕ್ಕಿಕೊಂಡಿದೆಯೇ ನೋಡಿ; ಹತ್ತರಲ್ಲಿ ಹಲವು ಸಲ ದೋಷ ಅಷ್ಟೇ. ಬಳಿಕ ಗೇಜಿನ ಮುಖವನ್ನು ನೋಡಿ. ಬೋರ್ಡಿನ ಭಾರದ ದಿಂಡನ್ನು ಮೇಜಿನ ಮೇಲೆ ಜೋರಾಗಿ ತಳ್ಳಿ ಗೇಜಿಗೆ ಬಡಿಸುವ ಅಭ್ಯಾಸದಿಂದ ಗೇಜು ಒಂದು ಬದಿಗೆ ತಿರುಗುತ್ತದೆ. ಇದನ್ನು ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಒಂದು ದಿಂಡನ್ನು ಪಕ್ಕದ ಗೇಜಿಗೂ ಹಿಂದಿನ ಗೇಜಿಗೂ ತಾಗಿಸಿ ಕತ್ತರಿಸಿ, ಅದರಿಂದ ಎರಡು ಹಾಳೆ ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲೆ ಗೇಜಿಗೆ ತಾಗಿದ್ದ ಅಂಚುಗಳು ಕೂಡುವಂತೆ ಇಡಿ. ಕತ್ತರಿಸಿದ ಅಂಚುಗಳು ಒಂದಾಗದೆ ಕತ್ತರಿಯಂತೆ ತೆರೆದುಕೊಂಡರೆ, ತುದಿಯಲ್ಲಿ ಕಾಣುವ ಅಂತರ ಎಡ ಬಲದ ಅಳತೆಗಳ ಪೂರ್ತಿ ವ್ಯತ್ಯಾಸ; ನಡುವಿನ ಅಳತೆಗೆ ಹೋಲಿಸಿದರೆ ಅದು ಪ್ರತಿ ತುದಿಯ ತಪ್ಪಿನ ಎರಡರಷ್ಟಿರುತ್ತದೆ. ನಡುವಿನಲ್ಲಿ ತಿರುಗುವ ಗೇಜಿನ ಒಂದು ತುದಿಯನ್ನು ಅದರ ಅರ್ಧದಷ್ಟು ಮಾತ್ರ ಸರಿಸಬೇಕು. ಇಡೀ ಅಂತರವನ್ನು ಒಮ್ಮೆಗೇ ತಿದ್ದಲು ಹೋಗಿ ಗೇಜನ್ನು ಎದುರು ಬದಿಗೆ ಸೊಟ್ಟ ಮಾಡಿಕೊಂಡವರನ್ನು ಕಂಡಿದ್ದೇನೆ.

ಚಿಕ್ಕ ಲೇಬಲ್ಲು, ಓರೆ ಅಂಚಿನ ಟ್ಯಾಗುಗಳನ್ನು ಕತ್ತರಿಸಲು ಗೇಜಿನ ಮುಂದೆ ಮರದ ಜಿಗ್, ಅಂದರೆ ಕಾಗದವನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವ ಅಚ್ಚು, ಇಡುವುದು ಬಹಳ ಉಪಯುಕ್ತ ಏರ್ಪಾಡು. ಆದರೆ ಮರವೂ ಮಳೆಗಾಲದಲ್ಲಿ ಉಬ್ಬುತ್ತದೆ. ಜೂನ್ ತಿಂಗಳಲ್ಲಿ ಅಳತೆ ಒಮ್ಮೆಲೇ ಬದಲಾದರೆ ಯಂತ್ರದ ಸ್ಕೇಲನ್ನು ತಿದ್ದದೆ ಜಿಗ್ಗನ್ನು ಅಳೆಯಿರಿ. ಅಕ್ರಿಲಿಕ್ ಅಥವಾ ಸನ್‌ಮೈಕ ಅಂಟಿಸಿದ ಪ್ಲೈವುಡ್ಡಿನಲ್ಲಿ ಮಾಡಿಸಿದರೆ ಈ ಕಷ್ಟ ಬಹಳ ಕಡಿಮೆ. ಜಿಗ್ಗಿನ ಎತ್ತರ ದಿಂಡಿನ ಎತ್ತರಕ್ಕಿಂತ ಕೊಂಚ ಕಡಿಮೆಯೇ ಇರಬೇಕು, ಇಲ್ಲವಾದರೆ ಕ್ಲ್ಯಾಂಪಿನ ಭಾರವೆಲ್ಲ ಜಿಗ್ಗಿನ ಮೇಲೆ ಬಿದ್ದು ಕಾಗದ ಹಿಡಿತವಿಲ್ಲದೆ ಉಳಿಯುತ್ತದೆ. ಪೆನ್ಸಿಲಿನ ಗೆರೆ ಜಿಗ್ ಇಟ್ಟಾಗ ಮಾತ್ರ ಬಾಗಿ, ತೆಗೆದಾಗ ನೆಟ್ಟಗೆ ಬಂದರೆ ಕಾರಣ ಇದೇ.

ದುರಸ್ತಿಯ ಬಳಿಕ ಯಂತ್ರದ ಬದಿಗೆ ಒಂದು ರಟ್ಟು ತೂಗುಹಾಕಿ, ಕಾಗದದ ಕೆಲಸಕ್ಕೆ ಕ್ಲ್ಯಾಂಪಿನ ಒತ್ತಡ ಎಷ್ಟು, ಗೇಜು ಎಲ್ಲಿ, ಸ್ಟಿಕ್ಕಿನ ಯಾವ ಮುಖ ಮೇಲಿದೆ, ಸಾಣೆ ಹಿಡಿಸಿದ ತಾರೀಖು ಯಾವುದು ಎಂಬುದನ್ನು ಬರೆದಿಡಬೇಕು. ಬೋರ್ಡು ಅಥವಾ ಗಮ್ಮಿಂಗ್ ಶೀಟಿನ ಕೆಲಸ ಮುಗಿಸಿದವರು ಯಂತ್ರವನ್ನು ಆ ರಟ್ಟಿನಲ್ಲಿರುವ ಸ್ಥಿತಿಗೆ ತಂದು, 70 ಜಿಎಸ್‌ಎಂ ರದ್ದಿಯ ಒಂದು ದಿಂಡು ಕತ್ತರಿಸಿ, ಮೇಲಿನ ಹಾಳೆಯನ್ನೂ ಬುಡದ ಹಾಳೆಯನ್ನೂ ಒಂದರ ಮೇಲೊಂದಿಟ್ಟು ನೋಡಿದ ಮೇಲೆಯೇ ದೀಪ ಆರಿಸಬೇಕು.